ಬಟ್ಟೆ ಗೋಡೆಯ ಮನೆ

ನಡು ಮಧ್ಯಾಹ್ನವೂ ಲೈಟು ಹಾಕಿಕೊಂಡು ಕೂರುವ ಮನೆಗಳನ್ನು ನೀವು ನೋಡಿರಬಹುದು. ಬೆತ್ತದಕ್ಕನದೂ ಅಂಥದೇ ಮನೆ. ಕೈ ಚಾಚಿದರೆ ಎದುರುಮನೆ ಗೋಡೆ ಸಿಗುತ್ತದೆ, ಬಿಸಿಲು ಆ ಓಣಿಗೆ ಇಳಿಯುವುದೇ ಇಲ್ಲ. ಇರುವುದು ಒಂದೇ ಕೋಣೆ. ಅರ್ಧದಲ್ಲಿ ಅವಳು ಬೆತ್ತದ ಕುರ್ಚಿ ಹೆಣೆಯುತ್ತಾಳೆ, ಇನ್ನರ್ಧದಲ್ಲಿ ಅಡುಗೆ, ಊಟ, ನಿದ್ದೆ. ಮೂಲೆಯ ಮಂಚದಲ್ಲಿ ಅತ್ತೆ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಆ ಹಿರಿಯ ಜೀವ ಆಕಾಶ ನೋಡಿಲ್ಲ. ಮಗ ಬೆನ್ನ ಮೇಲೆ ಹೊತ್ತು ಹೊರಗೆ ತಂದರೂ ಆ ಓಣಿಯಲ್ಲಿ ಒಂದು ಕುರ್ಚಿ ಹಾಕಿ ಕೂರಿಸಲು ಜಾಗವಿಲ್ಲ.

ಇಂಥ ಓಣಿಯನ್ನು ಪೂರ್ತಿ ಕೆಡವಿ, ಅದೇ ಜಾಗದಲ್ಲಿ ಮೂರಂತಸ್ತಿನ ಹೊಸ ಮನೆ ಕಟ್ಟಿಕೊಡುತ್ತಾರೆ ಎಂಬ ಸುದ್ದಿ ಬಂತು. ಎಲ್ಲರೂ ಒಪ್ಪಿ ಸಹಿ ಹಾಕಬೇಕಂತೆ. ಬೆತ್ತದಕ್ಕ ಮೂಗು ಮುರಿದಳು.

"ಕೆಡವೋದಂತೂ ಗ್ಯಾರಂಟಿ. ಕಟ್ಟೋದನ್ನ ಯಾರು ಕಂಡಿದಾರೆ?" ಎಂದಳು.

ಅವಳ ಭಯಕ್ಕೆ ಕಾರಣವಿತ್ತು. ತವರಿನ ಓಣಿಯನ್ನೂ ಹೀಗೇ ಕೆಡವಿದ್ದರು. ಅಲ್ಲಿದ್ದವರನ್ನು ಲಾರಿಗೆ ತುಂಬಿ ಊರಾಚೆ ಇಳಿಸಿ ಬಂದಿದ್ದರು. ಮಾಡುತ್ತಿದ್ದ ಕೆಲಸ ಹೋಯಿತು, ಅಕ್ಕಪಕ್ಕದವರು ದಿಕ್ಕಾಪಾಲಾದರು. ಇಲ್ಲೂ ಹಾಗಾದರೆ ಕುರ್ಚಿ ಯಾರಿಗೆ ಮಾರುವುದು, ಅತ್ತೆಯನ್ನು ಎಲ್ಲಿ ಮಲಗಿಸುವುದು?

ಪಕ್ಕದ ಮನೆಯ ಟೈಲರಮ್ಮ ಓಣಿಯ ಸಮಿತಿಯಲ್ಲಿದ್ದಳು. ಹೀಗೆ ಹೊಸದಾಗಿ ಕಟ್ಟಿದ ಇನ್ನೊಂದು ಓಣಿಗೆ ಹೋಗಿ, ಅಲ್ಲಿಯ ಹೆಂಗಸರ ಹತ್ತಿರ ಕೂತು ಎಲ್ಲ ಕೇಳಿಕೊಂಡು ಬಂದವಳು. ಅವಳು ಗೆಳತಿಯ ಜೊತೆ ವಾದಕ್ಕೆ ಇಳಿಯಲಿಲ್ಲ.

"ನಂಬು ಅಂತ ನಾನು ಹೇಳ್ತಿಲ್ಲ ಕಣೇ. ಸಹಿ ಹಾಕೋಕೆ ಮುಂಚೆ ಮನೆ ತೋರಿಸಿ ಅಂತ ಸಮಿತಿಯವರು ಪಟ್ಟು ಹಿಡಿದಿದೀವಿ. ಬಂದು ನೋಡು. ಬೇಡ ಅನ್ನಿಸಿದ್ರೆ ಬೇಡ ಅನ್ನು."

ಕಟ್ಟದ ಮನೆಯನ್ನು ತೋರಿಸುವುದು ಹೇಗೆ? ಶಾಲೆಗೆ ರಜೆಯಿದ್ದ ದಿನ ಅದೂ ಗೊತ್ತಾಯಿತು. ಮನೆಗೊಂದು ಹಾಸಿಗೆ ಹೊದಿಕೆ ತನ್ನಿ ಎಂದು ಹೊಸ ಮನೆಯ ನಕ್ಷೆ ಮಾಡಿದ್ದ ಎಂಜಿನಿಯರ್ ಹುಡುಗಿ ಮೊದಲೇ ಹೇಳಿ ಕಳಿಸಿದ್ದಳು. ಶಾಲೆಯ ಮೈದಾನದಲ್ಲಿ ಒಂದು ಮನೆಯ ನಿಜವಾದ ಅಳತೆಗೆ ಸುಣ್ಣದ ಗೆರೆ ಎಳೆದು, ಕಂಬ ನೆಟ್ಟು, ಹಗ್ಗ ಕಟ್ಟಿ, ಹೊದಿಕೆಗಳನ್ನೇ ಗೋಡೆಯಾಗಿ ಇಳಿಬಿಟ್ಟು, ಮೇಲೆ ಟಾರ್ಪಾಲು ಹಾಸಿ, ಕಿಟಕಿಯ ಜಾಗವನ್ನು ತೆರೆದಿಡುವುದು ಅವಳ ಉಪಾಯ.

ಬೆತ್ತದಕ್ಕ ಸುಣ್ಣದ ಗೆರೆಯ ಸುತ್ತ ಒಂದು ಸುತ್ತು ಬಂದಳು. ಅಷ್ಟು ದೊಡ್ಡ ಮೈದಾನದಲ್ಲಿ ಅದು ಅಂಗೈಯಗಲ ಕಂಡಿತು.

"ಇದು ಮನೇನೋ ಬೆಂಕಿಪೊಟ್ಟಣಾನೋ? ನಮ್ಮ ಮನೆ ಇದಕ್ಕಿಂತ ಎಷ್ಟೋ ವಾಸಿ," ಎಂದಳು. ಸುತ್ತಲಿದ್ದವರೂ ಹೌದೌದೆಂದರು.

"ಹಾಗಾದ್ರೆ ನಿನ್ನ ಮನೆ ಸಾಮಾನು ತಂದು ಇಟ್ಟು ನೋಡು," ಎಂದಳು ಟೈಲರಮ್ಮ. "ಹಿಡಿಸದೇ ಹೋದ್ರೆ ನಾನೇ ಮೊದಲು ಬೇಡ ಅಂತೀನಿ."

ಬೆತ್ತದಕ್ಕ ಸಿಟ್ಟಿನಲ್ಲೇ ಹೊರಟಳು. ಒಲೆ, ಪಾತ್ರೆ, ಟ್ರಂಕು, ಬೆತ್ತದ ಕಟ್ಟು, ಬೆತ್ತ ನೆನೆಹಾಕುವ ದೊಡ್ಡ ತೊಟ್ಟಿ, ಅರ್ಧ ಹೆಣೆದ ಕುರ್ಚಿಗಳು, ಎಲ್ಲ ಬಂದವು. ಅತ್ತೆಯನ್ನು ಚಾಪೆಗೆ ಇಳಿಸಿ ಮಂಚವನ್ನೂ ಹೊತ್ತು ತಂದರು. ಬಟ್ಟೆ ಗೋಡೆಯ ನಡುವೆ ಒಂದೊಂದಾಗಿ ಜೋಡಿಸಿದ್ದಾಯಿತು. ಇನ್ನೂ ಜಾಗ ಉಳಿದಿತ್ತು! ಏನಾದರೂ ಬಿಟ್ಟು ಬಂದೆವಾ ಎಂದು ಗಂಡನನ್ನು ಮತ್ತೆ ಓಡಿಸಿದಳು. ಬಯಲಲ್ಲಿ ಯಾವ ಮನೆಯ ಗೆರೆಯಾದರೂ ಕಣ್ಣಿಗೆ ಚಿಕ್ಕದೇ, ಎಲ್ಲರೂ ಮೋಸಹೋಗುತ್ತಾರೆ ಎಂದು ಎಂಜಿನಿಯರ್ ಹುಡುಗಿ ನಕ್ಕಳು.

ಗಂಡ ಮರಳಿ ಬಂದಾಗ ಬೆನ್ನ ಮೇಲೆ ಅತ್ತೆ ಇದ್ದರು.

"ಸಾಮಾನೆಲ್ಲ ಇಲ್ಲಿಗೆ ಬಂದ್ಮೇಲೆ ಬರೀ ಗೋಡೆ ಕಾಯ್ತಾ ನಾನ್ಯಾಕೆ ಅಲ್ಲಿರಲಿ?" ಎನ್ನುತ್ತಲೇ ಮಗನ ಬೆನ್ನಿಂದ ಮಂಚಕ್ಕೆ ಇಳಿದರು.

ಎಂಜಿನಿಯರ್ ಹುಡುಗಿ ಮಂಚದ ಹತ್ತಿರ ಬಂದಳು. "ಅಜ್ಜಿ, ಮನೆ ಹೇಗಿದೆ?"

ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅತ್ತೆ ಕಿಟಕಿಯತ್ತ ಕತ್ತೆತ್ತಿ ನೋಡಿದರು.

"ಚೆನ್ನಾಗಿದೆ ತಾಯಿ. ಆದ್ರೆ ಕಿಟಕಿ ನಿಂತವರಿಗೆ ಮಾಡಿದೀಯ. ನಾನು ಮಲಗಿರೋಳು."

ಹುಡುಗಿ ಮಂಚದ ಪಕ್ಕ ನೆಲದಲ್ಲಿ ಕೂತು ಅಲ್ಲಿಂದ ಕಿಟಕಿಯತ್ತ ನೋಡಿದಳು. ಎದ್ದವಳೇ ಹಗ್ಗದ ಗಂಟು ಬಿಚ್ಚಿ, ಕಿಟಕಿಯ ಕೆಳಗಿನ ಅಂಚನ್ನು ಇಳಿಸುತ್ತಾ ಬಂದಳು. ಅತ್ತೆ ಸಾಕು ಎನ್ನುವವರೆಗೂ ಇಳಿಸಿ, ಅಲ್ಲಿಗೆ ಗಂಟು ಹಾಕಿದಳು. ನಕ್ಷೆಯಲ್ಲೂ ಹಾಗೇ ತಿದ್ದಿ, ಮಕ್ಕಳು ಬೀಳದಂತೆ ಕಂಬಿಯನ್ನೂ ಸೇರಿಸಿದಳು.

ಬೆಳಕು ಅತ್ತೆಯ ಮುಖಕ್ಕೆ ಬಿತ್ತು. ಮಲಗಿದಲ್ಲಿಂದಲೇ ಆಕಾಶ ಕಂಡಿತು, ಹೊರಗೆ ನೆರೆದಿದ್ದ ಓಣಿಯವರೆಲ್ಲ ಕಂಡರು. ಅತ್ತೆ ಒಬ್ಬೊಬ್ಬರನ್ನೇ ದಿಟ್ಟಿಸಿದರು.

"ಅಲ್ಲಾ, ಹಾಲಿನವನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?"

ಹಾಲಿನವನು ತಲೆ ಮುಟ್ಟಿಕೊಂಡು ಹಾಗೇ ನಿಂತ. ಬೆತ್ತದಕ್ಕ ಕೆಳಗಿಳಿದ ಕಿಟಕಿಯನ್ನೇ ನೋಡಿದಳು. ಮದುವೆಯಾಗಿ ಬಂದ ದಿನದಿಂದ ಅವಳು ಗೋಡೆಗೆ ಹೊಂದಿಕೊಂಡೇ ಬಂದವಳು, ಮೈ ಹಿಡಿ ಮಾಡಿ ನಡೆದವಳು, ಕಾಲು ಮಡಿಚಿ ಮಲಗಿದವಳು. ಅತ್ತೆಯ ಒಂದು ಮಾತಿಗೆ ಕಿಟಕಿ ಕೆಳಗಿಳಿದಿತ್ತು. ಇದು ಹೀಗೂ ಆಗಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು.

ಆಮೇಲೆ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ನಾವು ಮಹಡಿ ಮೇಲೆ ಹೋದರೆ ಬೆತ್ತ ನೆನೆಹಾಕುವುದೆಲ್ಲಿ? ಕಟ್ಟಿ ಮುಗಿಯುವ ತನಕ ಇರುವುದೆಲ್ಲಿ? ಪಕ್ಕದಲ್ಲಿ ಟೈಲರಮ್ಮನೇ ಇರುತ್ತಾಳಾ? ಒಂದೊಂದಕ್ಕೂ ಉತ್ತರ ಬಂತು. ಅಲ್ಲಿಯವರೆಗೆ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ, ಅದರ ಬಾಡಿಗೆ ಮನೆ ಕಟ್ಟಿಸುವವರೇ ಕೊಡುತ್ತಾರೆ. ಅಕ್ಕಪಕ್ಕದವರು ಅಕ್ಕಪಕ್ಕದಲ್ಲೇ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿಗೂ. ಬೆತ್ತದ ಕೆಲಸಕ್ಕೆ ಮಾತ್ರ ನಕ್ಷೆಯಲ್ಲಿ ಜಾಗವಿರಲಿಲ್ಲ. ಅವಳು ಬಿಡಲಿಲ್ಲ, ಓಣಿಯ ತಳ್ಳುಗಾಡಿಯವರೂ ದನಿಗೂಡಿಸಿದರು. ಮುಂದಿನ ಸಭೆಯ ಹೊತ್ತಿಗೆ ನೆಲಮಹಡಿಯಲ್ಲಿ ಕೆಲಸದ ಕೋಣೆ ಬಂದಿತ್ತು. ಒಪ್ಪಂದವನ್ನು ಎಲ್ಲರೆದುರು ಎರಡು ಸಲ ಓದಿಸಿ, ಗಂಡನ ಜೊತೆ ಬೆತ್ತದಕ್ಕನೂ ಸಹಿ ಹಾಕಿದಳು.

ಅದೆಲ್ಲ ಆಮೇಲಿನ ಮಾತು. ಮೈದಾನದಲ್ಲಿ ಆ ಸಂಜೆ ಹೊದಿಕೆ ಬಿಚ್ಚಲು ಬಂದಾಗ ಅತ್ತೆ ಜಪ್ಪಯ್ಯ ಅಂದರೂ ಮಂಚ ಬಿಡಲಿಲ್ಲ. "ಇಲ್ಲೇ ಸುತ್ತ ಗೋಡೆ ಕಟ್ಟಿಬಿಡಿ, ನಾನು ಅಡ್ಡ ಬರಲ್ಲ," ಎಂದರು.

ನಾಳೆ ನಿಮ್ಮ ಓಣಿಗೂ ಇಂಥ ಸುದ್ದಿ ಬಂದೀತು. ಹೆದರಿ ಬಾಗಿಲು ಹಾಕಿಕೊಳ್ಳಬೇಡಿ, ಖುಷಿಯಲ್ಲಿ ಕಣ್ಣುಮುಚ್ಚಿ ಹೆಬ್ಬೆಟ್ಟೂ ಒತ್ತಬೇಡಿ. ಅಕ್ಕಪಕ್ಕದವರು ಒಟ್ಟಾಗಿ ಸಮಿತಿ ಮಾಡಿಕೊಳ್ಳಿ. ನಮ್ಮ ಜಾಗದಲ್ಲೇ ಮನೆ ಕೊಡುತ್ತೀರಾ, ನಮ್ಮ ಕೆಲಸಕ್ಕೆ ಜಾಗ ಎಲ್ಲಿ, ಕಟ್ಟುವ ತನಕ ನಾವೆಲ್ಲಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮನೆ ತೋರಿಸಿ ಎಂದು ಪಟ್ಟು ಹಿಡಿಯಿರಿ. ತೋರಿಸಿದ ದಿನ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರನ್ನೂ ಹೊತ್ತುಕೊಂಡು ಹೋಗಿ. ಅವರು ಸರಿ ಅಂದ ಮೇಲೆ ನೀವು ಸರಿ ಅನ್ನಿ.