ಏಳನೆಯ ಅಡುಗೆ

ಬೀನ್ಸ್ ಕಾಳಿನ ಮೊದಲ ಕುದಿಯ ನೀರು ಹಿತ್ತಲ ಹಿಮದ ಮೇಲೆ ಬಿದ್ದಲ್ಲಿ ಒಂದು ಕಂದು ಗುಳಿ, ಗುಳಿಯೊಳಗಿಂದ ಹಬೆ, ನೆಲಕ್ಕೂ ಉಸಿರಿದೆ ಅಂದುಕೊಂಡು ರುಸಾನಾ ಖಾಲಿ ಪಾತ್ರೆ ಹಿಡಿದು ನಿಂತೇ ಇದ್ದಳು, ಕೈ ಮರಗಟ್ಟುವವರೆಗೆ, ಆಮೇಲೆ ಒಳಗೆ ಬಂದು ಬೇರೆ ನೀರು ಹೊಯ್ದು ಕಾಳನ್ನು ಮತ್ತೆ ಒಲೆಗಿಟ್ಟಳು, ಮೊದಲ ನೀರು ಚೆಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ ಕಣೇ ಅಂತ ಅತ್ತೆ ಹೇಳುತ್ತಿದ್ದರು, ಅತ್ತೆಯೂ ಇಲ್ಲ ಈಗ, ಅವರ ಮಾತೆಲ್ಲ ಈ ಅಡುಗೆಮನೆಯಲ್ಲೇ ಉಳಿದಿದೆ, ಬೆಂಕಿ ಕಾಣದ್ದು ಲೆಕ್ಕಕ್ಕಿಲ್ಲ, ಜೇನು ಲೆಕ್ಕಕ್ಕಿಲ್ಲ, ಆಕ್ರೋಟು ಲೆಕ್ಕಕ್ಕಿಲ್ಲ, ಬೆಂಕಿ ಮುಟ್ಟಿದ ಅಡುಗೆ ಮಾತ್ರ ಎಣಿಸು — ನಾಳೆ ಕ್ರಿಸ್ಮಸ್, ಇವತ್ತು ಉಪವಾಸದ ಕೊನೆಯ ಸಂಜೆ, ಮಾಂಸವಿಲ್ಲ ಹಾಲಿಲ್ಲ ಮೊಟ್ಟೆಯಿಲ್ಲ, ಮೇಜಿನ ಮೇಲೆ ಬೆಸ ಸಂಖ್ಯೆಯ ಅಡುಗೆ, ಈ ಮನೆಯಲ್ಲಿ ಯಾವಾಗಲೂ ಏಳು. ಬೀನ್ಸ್ ಒಂದು. ನಿನ್ನೆ ನೆನೆಹಾಕಿದ ಗೋಧಿ ಅರಳುತ್ತಿದೆ, ಎರಡು, ಗೋಧಿ, ನಿನ್ನೆ ತಾನೇ ಮಗಳ ನಲವತ್ತನೇ ದಿನಕ್ಕೆ ಇದೇ ಗೋಧಿಯನ್ನು ಬೇಯಿಸಿ ಸಕ್ಕರೆ ಬೆರೆಸಿ ಗೋರಿಯ ಬಳಿ ಹಂಚಿದ್ದು, ಇದೇ ಪಾತ್ರೆ, ತೊಳೆದು ಮತ್ತೆ ಇಟ್ಟದ್ದು ಅಷ್ಟೇ. ಒಣಮೆಣಸಿನಕಾಯಿಗೆ ಬೀನ್ಸ್ ತುಂಬಿದ್ದು ಮೂರು, ಸಿಹಿಗುಂಬಳ ತುರಿದು ತೆಳು ಹಿಟ್ಟಿನ ಹಾಳೆಯಲ್ಲಿ ಸುತ್ತಿದ್ದು ನಾಲ್ಕು, ಒಣಗಿದ ಪ್ಲಮ್ಮು ಸೇಬುಗಳ ಸಾರು ಐದು, ರೊಟ್ಟಿ ಆರು. ರೊಟ್ಟಿಯ ಮೇಲೆ ಹಿಟ್ಟಿನ ಹಕ್ಕಿ ಕೂರಿಸುವವಳು ಮಗಳು ಸೆವ್ದಾ, ಆರು ವರ್ಷದವಳಿದ್ದಾಗಿನಿಂದ ಮೊನ್ನೆ ಹದಿನೇಳು ತುಂಬುವವರೆಗೂ ಅದೇ ಹಕ್ಕಿ, ಕೊಕ್ಕು ಯಾವಾಗಲೂ ಸೊಟ್ಟ, ಇದೇನೇ ಹಕ್ಕಿಯೋ ಕೊಡಲಿಯೋ ಅಂದರೆ, ಕೊಡಲಿ ಅಂದ್ಕೊಂಡೇ ತಿನ್ನಮ್ಮ, ರುಚಿ ಒಂದೇ — ಈ ಸಲ ರೊಟ್ಟಿಯ ಮೇಲೆ ಏನೂ ಇಲ್ಲ, ಬೋಳು.

ಎಷ್ಟಾಯ್ತು, ಅಂತ ಗಂಡ ನಾಯ್ದೆನ್ ಬಾಗಿಲಿನಿಂದಲೇ ಕೇಳಿದ್ದು ಬೆಳಗ್ಗೆ. ಆರು. ಆರಾದ್ರೆ ಹೇಗೆ, ಸಮಸಂಖ್ಯೆ ಸತ್ತೋರಿಗೆ, ಮನೇಲಿ ಇನ್ನೂ ಇಬ್ರು ಬದುಕಿದೀವಿ. ಅಂದವನೇ ನೆಲಮಾಳಿಗೆಗಿಳಿದ, ಪೀಪಾಯಿಯ ಮುಚ್ಚಳ ಸರಿಸಿದ ಸದ್ದು, ಉಪ್ಪುನೀರಿನ ಹುಳಿವಾಸನೆ ಮೆಟ್ಟಿಲು ಹತ್ತಿ ಅವನಿಗಿಂತ ಮೊದಲೇ ಬಂತು, ಒಂದು ಎಲೆಕೋಸು ತಂದು ಹಲಗೆಯ ಮೇಲಿಟ್ಟ, ನೀರು ತೊಟ್ಟಿಕ್ಕುತ್ತಿತ್ತು. ಸರ್ಮಾ ಮಾಡು. ಅಕ್ಕಿ ತುಂಬಿ ಕೋಸಿನೆಲೆ ಸುತ್ತುವುದಕ್ಕೇನು, ನಿದ್ದೆಯಲ್ಲೂ ಸುತ್ತಿಯಾಳು, ಆದರೆ ಈ ಕೋಸು, ಈ ಕೋಸು — ಅವನಿಗೆ ಗೊತ್ತಿಲ್ಲವೇ ಅದು ಯಾವ ಕೋಸೆಂದು, ಗೊತ್ತು, ಅವನೇ ಉಪ್ಪು ಹಾಕಿದ್ದು, ಮಣ್ಣು ಮಾಡಿ ಬಂದ ಮೂರನೇ ದಿನ, ಅನ್ನ ಬಿಸಾಡಬಾರದು ಅಂದಷ್ಟೇ ಹೇಳಿ ಒಂದೊಂದನ್ನೂ ತೊಳೆದು ದಂಟು ಕೊರೆದು ಪೀಪಾಯಿಗಿಳಿಸಿದ, ಆಮೇಲೆ ಎರಡು ದಿನಕ್ಕೊಮ್ಮೆ ಅಡಿಯ ನೀರನ್ನು ಬಸಿದು ಮೇಲಿನಿಂದ ಹೊಯ್ಯುವುದು, ಬಸಿಯುವುದು, ಹೊಯ್ಯುವುದು, ನಲವತ್ತು ದಿನ ಅವನು ಮಾತಾಡಿದ್ದೆಲ್ಲ ಆ ಪೀಪಾಯಿಯ ಜೊತೆಗೇ.

ಎಲೆ ಬಿಡಿಸುತ್ತಾಳೆ, ಹಳದಿ, ಮೆತ್ತಗೆ, ಹರಿಯದೆ ಬರುತ್ತಿದೆ, ಒಳ್ಳೆಯ ಕೋಸು, ಸ್ತಾಮೆನ್ ಆರಿಸಿದ್ದು. ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸು, ಅಕ್ಕಿ ಹಾಕು, ಕೆಂಪುಮೆಣಸಿನ ಪುಡಿ ಹಾಕುವಾಗ ಬೆಂಕಿ ಸಣ್ಣದಿರಲಿ, ಕರಟಿದರೆ ಕಹಿ, ಪುದೀನ, ಒಂದು ಹಿಡಿ ಒಣದ್ರಾಕ್ಷಿ. ಸ್ತಾಮೆನ್ ಎದುರು ಮನೆಯವನು, ವೆಲಿಕಾಳ ಗಂಡ, ಊರಿಗೆಲ್ಲ ಒಂದೇ ಟ್ರ್ಯಾಕ್ಟರು ಅವನದು, ನವೆಂಬರಿನಲ್ಲಿ ಕಣಿವೆಗಿಳಿದು ಎಲ್ಲರ ಪಾಲಿನ ಕೋಸನ್ನೂ ಹೇರಿಕೊಂಡು ಬರುವುದು ಅವನ ಕೆಲಸ, ಹೆಂಗಸರು ನಾಲ್ಕೈದು ಮಂದಿ ಜೊತೆಗೆ ಹೋಗಿ ತೂಗಿಸಿ, ವಾಪಸು ಬರುವಾಗ ಏರಿನಲ್ಲಿ ಟ್ರೇಲರಿನ ಹಿಂದೆ ಹರಟುತ್ತ ನಡೆಯುವುದು ವಾಡಿಕೆ, ಅವತ್ತೂ ಹಾಗೇ, ತುಂತುರು, ಕೆಸರು. ಎಲೆಯ ಮೇಲೆ ಒಂದು ಚಮಚ ಅಕ್ಕಿ, ಬದಿ ಮಡಚು, ಸುತ್ತು, ಬಿಗಿಯಾಗಿ ಬೇಡ, ಅಕ್ಕಿ ಉಬ್ಬುತ್ತದೆ. ಒಂದು. ಕಿಟಕಿಯ ಹಲಗೆಯ ಮೇಲೆ ನೀಲಿ ಅಂಚಿನ, ಹಿಡಿಯಿರುವ ಬಿಳಿ ಬೋಗುಣಿ, ವೆಲಿಕಾಳದು, ಮಣ್ಣು ಮಾಡಿದ ದಿನ ಬೀನ್ಸ್ ತುಂಬಿ ತಂದಿಟ್ಟು ಹೋದದ್ದು, ಅವಳ ಗಂಡ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ, ಪೊಲೀಸಿನವನು ಮಂಚದ ಪಕ್ಕದಲ್ಲಿ, ಆದರೂ ಅಡುಗೆ ಮಾಡಿ ತಂದಳು, ರುಸಾನಕ್ಕಾ ಎರಡು ತುತ್ತು ತಿನ್ನಕ್ಕಾ. ಬೋಗುಣಿ ತೊಳೆದಿದೆ, ನಲವತ್ತು ದಿನದಿಂದ ಅಲ್ಲೇ ಇದೆ, ಅದಕ್ಕೆ ಕಣ್ಣಿದೆ. ಇವತ್ತು ಸೂರ್ಯ ಮುಳುಗುವುದರೊಳಗೆ ಎರವಲಿನ ವಸ್ತು ಮನೆಯಲ್ಲಿ ಉಳಿಯುವಂತಿಲ್ಲ, ಯಾರದೋ ಅವರಿಗೇ ಹೋಗಬೇಕು, ಅಡುಗೆ ತುಂಬಿ ಬಂದ ಪಾತ್ರೆ ಖಾಲಿ ಹೋಗುವಂತಿಲ್ಲ. ಆದರೆ ನಾಯ್ದೆನ್ ಬೂಟಿಗೆ ಹುರಿ ಬಿಗಿಯುತ್ತ, ಆ ಮನೇದು ಒಂದು ಚಮಚನೂ ಇವತ್ತು ನನ್ನ ಸೂರಿನಡಿ ಇರಬಾರದು, ಖಾಲಿ ಬೋಗುಣಿ ಒಯ್ದು ಬೇಲಿಗೆ ನೇತುಹಾಕಿ ಬರ್ತೀನಿ, ಕೊಟ್ಟಿಗೆ ಕೆಲಸ ಮುಗೀಲಿ. ಹೆಣ್ಣುಮಗೂನ ಜಾರೋ ಕೋಸಿನ ಹೊರೆ ಮೇಲೆ ಕೂರಿಸ್ತಾನಲ್ಲ, ಅವನಿಗೆ ಬುದ್ಧಿ ಇಲ್ವಾ, ಇಳಿಯೇ ಕೆಳಗೆ ಅಂತ ಒಂದ್ ಮಾತು ಹೇಳೋಕ್ಕಾಗ್ಲಿಲ್ವಾ ಅವನಿಗೆ.

ಹೇಳಿದ್ದ. ನಾಲ್ಕು, ಐದು, ಎಲೆಯ ದಪ್ಪ ನರವನ್ನು ಚಾಕುವಿನಿಂದ ಹೆರೆದು ತೆಗೆ, ಹೇಳಿದ್ದ, ಬೇಡ ರುಸಾನಾ, ದಾರಿ ಜಾರ್ತಿದೆ, ಮಗು ನಡ್ಕೊಂಡೇ ಬರ್ಲಿ. ಸೆವ್ದಾಳೂ ಹೇಳಿದ್ದಳು, ಬೇಡಮ್ಮ, ನಾನು ನಿಮ್ಮ ಜೊತೆ ನಡೀತೀನಿ, ನಿಮ್ಮ ಚಾಡಿ ಕೇಳೋಕೆ ಮಜಾ ಬರುತ್ತೆ. ಹೊಸ ಬೂಟು, ಹಾಕಿ ಎರಡು ದಿನವಾಗಿಲ್ಲ, ಈ ಕೆಸರಲ್ಲಿ ಹಾಳುಮಾಡ್ಕೋತೀಯಾ, ಹತ್ತು ಅಂದ್ರೆ ಹತ್ತು, ಏನು ಹಟಾನೇ ನಿಂದು — ಸ್ತಾಮೆನ್ ಇನ್ನೊಮ್ಮೆ ಬೇಡವೆಂದು ಕೈಯಾಡಿಸಿದ, ಆಗ ಅವಳೇ, ಈ ರುಸಾನಾಳೇ, ಸೊಂಟದ ಮೇಲೆ ಕೈಯಿಟ್ಟು, ಏನಪ್ಪಾ, ನಿನ್ನ ಟ್ರ್ಯಾಕ್ಟರು ನನ್ನ ಮಗಳ ಭಾರಕ್ಕೆ ಕುಸಿದುಬೀಳುತ್ತೇನು, ಅಷ್ಟೇನಾ ಅದರ ತಾಕತ್ತು, ಹೆಂಗಸರೆಲ್ಲ ನಕ್ಕರು, ಸ್ತಾಮೆನ್ ಕಿವಿ ಕೆಂಪಾಗಿ ತನ್ನ ಸೀಟಿಗೆ ಹೋದ, ಸೆವ್ದಾ ಹತ್ತಿದಳು. ನಕ್ಕ ಹೆಂಗಸರಲ್ಲಿ ವೆಲಿಕಾಳೂ ಒಬ್ಬಳು. ಆಮೇಲೆ ಮಗುಚಿದ ಟ್ರೇಲರಿನ ಪಕ್ಕ ಪೊಲೀಸಿನವನು ದಾರಿಯ ಮೇಲೇ ಚೀಟಿ ಹಿಡಿದು, ಹುಡುಗೀನ ಹತ್ತಿಸಿದ್ದು ಯಾರು ಅಂತ ಕೇಳಿದಾಗ ರುಸಾನಾ ಕೆಸರಿನಲ್ಲಿ ಕೂತಿದ್ದಳು, ಬಾಯಿ ತೆರೆದಿತ್ತು, ವೆಲಿಕಾ ಮುಂದೆ ಬಂದು, ಯಾರೂ ಹತ್ತಿಸ್ಲಿಲ್ಲ ಸ್ವಾಮಿ, ಮಗು ತಾನೇ ಹತ್ತಿಕೊಂಡ್ಲು, ನನ್ನ ಗಂಡ ನೋಡ್ಕೊಳ್ಳಲಿಲ್ಲ, ಅಷ್ಟೇ. ಅಷ್ಟೇ. ಉಳಿದವರು ನೆಲ ನೋಡಿದರು. ವಸಂತಕ್ಕೆ ವಿಚಾರಣೆ, ಜೈಲಾಗಬಹುದಂತೆ, ಸ್ತಾಮೆನ್ ಆಸ್ಪತ್ರೆಯಲ್ಲೂ ಬಾಯಿಬಿಡಲಿಲ್ಲ, ಊರುಗೋಲಿನಲ್ಲಿ ಮನೆಗೆ ಬಂದು ಹತ್ತು ದಿನ, ಇನ್ನೂ ಬಿಟ್ಟಿಲ್ಲ, ಗಂಡಹೆಂಡಿರಿಬ್ಬರೂ ಸೇರಿ ರುಸಾನಾಳ ಆ ಮಾತನ್ನು ನುಂಗಿ ಕೂತಿದ್ದಾರೆ, ಅದಕ್ಕೆ ಪ್ರತಿಯಾಗಿ ಏನು ತುಂಬಿ ಕಳಿಸುವುದು ಆ ಬೋಗುಣಿಯಲ್ಲಿ.

ಕುದಿ ಬಂತು, ಸರ್ಮಾಗಳ ಮೇಲೆ ಒಂದು ತಟ್ಟೆ ಬೋರಲು ಹಾಕಿ ಒತ್ತಿದ್ದಾಳೆ, ಬಿಚ್ಚಿಕೊಳ್ಳದ ಹಾಗೆ, ಕೊಳಕೊಳ, ಮನೆ ತುಂಬ ಹುಳಿ ಮತ್ತು ಪುದೀನ, ಬೆಳಕು ಆಗಲೇ ಬೇಲಿಯ ತುದಿಗೆ. ಬೆಂದಿದೆ. ಬೋಗುಣಿಗೆ ಹನ್ನೊಂದು ಜೋಡಿಸುತ್ತಾಳೆ, ಎರಡು ಸಲ ಎಣಿಸುತ್ತಾಳೆ, ಹನ್ನೊಂದೇ, ಬೆಸ, ಬದುಕಿರುವವರಿಗೆ, ಬಿಳಿ ಬಟ್ಟೆ ಮುಚ್ಚುತ್ತಾಳೆ, ಅಷ್ಟರಲ್ಲಿ ಬಾಗಿಲು, ಹಿಮ ಕೊಡವುವ ಸದ್ದು, ನಾಯ್ದೆನ್. ಬಟ್ಟೆ ಎತ್ತಿ ನೋಡಿದ. ಇದೇನಿದು. ಖಾಲಿ ಕಳಿಸಬಾರದಲ್ಲ. ಅವರಿಗಾ, ಈ ಕೋಸನ್ನು ಅವರಿಗಾ, ನಿನಗೆ ತಲೆ ನೆಟ್ಟಗಿದೆಯೇನೇ. ಕೂಗಲಿಲ್ಲ, ಮೆಲ್ಲಗೇ ಹೇಳಿದ, ಬೋಗುಣಿಯನ್ನು ಪಾತ್ರೆಯ ಮೇಲೆ ಬಗ್ಗಿಸಿದ, ಒಂದೊಂದಾಗಿ ಜಾರಿದವು, ಕೊನೆಯದು ಅಂಚಿಗೆ ಅಂಟಿತ್ತು, ಬೆರಳಿನಿಂದ ತಳ್ಳಿದ. ಈಗ, ಈಗ ಹೇಳಬೇಕು, ಮೂರೇ ಮಾತು, ನಾನೇ ಹತ್ತಿಸಿದ್ದು ಕಣೋ, ಹೇಳಿದರೆ ಅವನು ಈ ಮನೆಯಲ್ಲಿ ಇರುತ್ತಾನೆಯೇ, ಹೇಳದಿದ್ದರೆ ತಾನು ಹೇಗೆ ಇರುವುದು, ನಾಲಿಗೆ ಹಲ್ಲಿಗೆ ತಾಗಿತು, ನಾಯ್ದೆನ್. ಬಾಗಿಲಲ್ಲಿ ತಿರುಗಿದ. ಏನು. ಅವನ ರೆಪ್ಪೆಯ ಮೇಲೆ ಹಿಮ ಇನ್ನೂ ಕರಗಿಲ್ಲ. ಉಪ್ಪು ಸಾಕಾ ನೋಡು. ಅದೇ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಸರಿಯಾಗಿದೆ. ಹೋದ.

ಕಿಟಕಿಯ ಹಬೆಯನ್ನು ಅಂಗೈಯಿಂದ ಒರೆಸುತ್ತಾಳೆ, ಹಿಮದಲ್ಲಿ ಅವನ ಹೆಜ್ಜೆ, ಎದುರು ಬೇಲಿ, ಬೋಗುಣಿಯನ್ನು ಗೂಟಕ್ಕೆ ತಗುಲಿಸಿ ತಿರುಗಿಯೂ ನೋಡದೆ ಬರುತ್ತಿದ್ದಾನೆ, ವೆಲಿಕಾ ಬಾಗಿಲು ತೆರೆದಳು, ಕಾಯುತ್ತಿದ್ದಳೇನೋ, ಬಂದು ಬೋಗುಣಿಯನ್ನು ಬಿಡಿಸಿಕೊಂಡಳು, ಒಳಗೆ ನೋಡಿದಳು, ಇನ್ನೊಮ್ಮೆ ನೋಡಿದಳು, ಎದೆಗವಚಿಕೊಂಡು ಒಳಗೆ ಹೋದಳು. ಏಳು ಆಯಿತು. ಮೇಜಿನ ಮೇಲೆ ಏಳು, ಬೀನ್ಸ್, ಗೋಧಿ, ಮೆಣಸಿನಕಾಯಿ, ಕುಂಬಳ, ಹಣ್ಣಿನ ಸಾರು, ಬೋಳು ರೊಟ್ಟಿ, ಮತ್ತೆ — ಅವತ್ತಿನ ಏರಿನ ತಿರುವು, ಟ್ರೇಲರು ತಿರುವಿನಾಚೆ ಮರೆಯಾಗಿದೆ, ತುಂತುರು, ವೆಲಿಕಾ ಏನೋ ಹೇಳುತ್ತಿದ್ದಾಳೆ, ತಿರುವಿನಿಂದ ಒಂದೇ ಒಂದು ಕೋಸು ಉರುಳಿಕೊಂಡು ಬರುತ್ತಿದೆ, ನಿಧಾನವಾಗಿ, ಕೆಸರಿನಲ್ಲಿ ಗೆರೆ ಎಳೆಯುತ್ತ, ನೋಡ್ರೇ ಸ್ತಾಮೆನ್ನು ಕೋಸು ಚೆಲ್ಕೊಂಡು ಹೋಗ್ತಿದ್ದಾನೆ ಅಂತ ರುಸಾನಾ ನಗುತ್ತಿದ್ದಾಳೆ, ನಗುತ್ತಲೇ ಕಾಲು ಮುಂದೆ ಚಾಚುತ್ತಾಳೆ, ಕೋಸು ಬಂದು ಪಾದಕ್ಕೆ ತಾಗಿ ನಿಲ್ಲುತ್ತದೆ, ಪಾದಕ್ಕೆ ತಾಗಿ, ನಿಲ್ಲುತ್ತದೆ