ಆರು ಕಿಲೋದ ಗಂಟು

ತಾಯಲೂರಿನ ಮುನಿಯಲ್ಲಮ್ಮನಿಗೆ ಐವತ್ನಾಲ್ಕು ವರ್ಷ. ಅವಳ ಗಂಡ ಗಂಗುಲಪ್ಪನಿಗೆ ಅರವತ್ತರ ಹತ್ತಿರ. ಸುತ್ತಲಿನ ಹಳ್ಳಿಗಳಲ್ಲಿ ಕಡಲೆಕಾಯಿ ಹೊಲಕ್ಕೋ ರಾಗಿ ಹೊಲಕ್ಕೋ ಇಲಿ ಬಿದ್ದರೆ ಜನ ಇವರಿಬ್ಬರನ್ನೇ ಕರೆಯುತ್ತಿದ್ದರು. ಬದುವಿನ ಮೇಲೆ ಹತ್ತು ಬಿಲ ಕಂಡರೆ ಯಾವುದರಲ್ಲಿ ಇಲಿಯಿದೆ, ಯಾವುದು ಬಿಟ್ಟುಹೋದದ್ದು, ಯಾವುದರೊಳಗೆ ಹಾವು ಸೇರಿಕೊಂಡಿದೆ ಎಂದು ಮುನಿಯಲ್ಲಮ್ಮ ನಿಂತಲ್ಲೇ ಹೇಳುತ್ತಿದ್ದಳು. ಅಗೆಯುವುದು ಗಂಗುಲಪ್ಪನ ಕೆಲಸ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಶೋಭಾರಾಣಿ ಎಂಬಾಕೆ ಇವರ ಮನೆ ಹುಡುಕಿಕೊಂಡು ಬಂದಳು. ಅವಳ ಊರು ಶ್ರೀನಿವಾಸಪುರ, ಕೆಲಸ ಕಡಲಹಕ್ಕಿಗಳ ಸಂಶೋಧನೆ. ಅಂಡಮಾನಿನ ಆಚೆ ಜನವಸತಿಯಿಲ್ಲದ ಒಂದು ಪುಟ್ಟ ದ್ವೀಪವಿದೆ, ಅಲ್ಲಿ ಹಕ್ಕಿಗಳು ಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ, ಎಂದೋ ಒಂದು ದೋಣಿಯಿಂದ ಇಳಿದ ಇಲಿಗಳು ಈಗ ಮೊಟ್ಟೆಯನ್ನೂ ಮರಿಯನ್ನೂ ಉಳಿಸುತ್ತಿಲ್ಲ ಎಂದು ಅವಳು ವಿವರಿಸಿದಳು. ವಿಷವಿಟ್ಟರೆ ಏಡಿ, ಹಕ್ಕಿ ಎಲ್ಲವೂ ಸಾಯುತ್ತವೆ. ಬೋನು ಇಟ್ಟು ನೋಡಿದ್ದಾರೆ, ಅರ್ಧಕ್ಕರ್ಧ ಇಲಿಗಳು ಬೋನಿನ ಹತ್ತಿರವೂ ಸುಳಿಯಲಿಲ್ಲ. ಇಲಿಯ ಬುದ್ಧಿ ತಿಳಿದವರು ಬೇಕು, ಬರುತ್ತೀರಾ ಎಂದು ಕೇಳಿದಳು.

ಗಂಗುಲಪ್ಪ ಮೊದಲು ಕೇಳಿದ್ದು ಅಲ್ಲಿ ಮುದ್ದೆ ಸಿಗುತ್ತದೆಯೇ ಎಂದು. ಮುನಿಯಲ್ಲಮ್ಮ ಕೇಳಿದ್ದು ಅಲ್ಲಿನ ಇಲಿ ನೀರಿಗೆ ಎಲ್ಲಿಗೆ ಹೋಗುತ್ತದೆ ಎಂದು. ಅದನ್ನು ತಾವು ಯಾರೂ ಯೋಚಿಸಿಯೇ ಇರಲಿಲ್ಲ ಎಂದು ಶೋಭಾರಾಣಿ ಒಪ್ಪಿಕೊಂಡಳು. ಆ ಪ್ರಶ್ನೆಗೆ ಉತ್ತರ ನೋಡಬೇಕೆಂಬ ಆಸೆಯಿಂದಲೇ ಮುನಿಯಲ್ಲಮ್ಮ ಹೊರಡಲು ಒಪ್ಪಿದಳು ಎನ್ನಬಹುದು.

ತೊಡಕಿದ್ದದ್ದು ಗಂಟಿನಲ್ಲಿ. ಮಳೆಗಾಲ ಶುರುವಾದರೆ ಅಲೆಯ ಹೊಡೆತಕ್ಕೆ ಆ ದ್ವೀಪಕ್ಕೆ ದೋಣಿ ಹತ್ತಿರ ಬರಲಾಗುವುದಿಲ್ಲ. ಅಕ್ಕಿ, ಬೇಳೆ, ನೀರು, ಬೋನು ಎಲ್ಲ ಮೊದಲೇ ದೋಣಿಯಲ್ಲಿ ಹೋಗಿದ್ದವು. ಜನ ಹೋಗಬೇಕಾದದ್ದು ಸಣ್ಣ ಹೆಲಿಕಾಪ್ಟರಿನಲ್ಲಿ. ಒಬ್ಬೊಬ್ಬರ ಗಂಟು ಆರು ಕಿಲೋ ಮೀರುವಂತಿಲ್ಲ. ಜೊತೆಗೆ ಒಂದು ಕಾಳು, ಒಂದೆಳೆ ಹುಲ್ಲು, ಒಂದು ಹಿಡಿ ಮಣ್ಣು ಕೂಡ ಹೋಗಬಾರದು. ಹೊರಗಿನ ಬೀಜವೋ ಇರುವೆಯೋ ಅಲ್ಲಿ ಇಳಿದರೆ ಇಲಿಯಂತೆಯೇ ಅದೂ ಬೇರೂರಿಬಿಡುತ್ತದಂತೆ.

ಒಂದು ಇರುವೆಗೆ ಇಡೀ ದ್ವೀಪವೇ ಹೆದರುತ್ತದೆಯೇ ಎಂದು ಮುನಿಯಲ್ಲಮ್ಮ ಅವತ್ತೆಲ್ಲ ಯೋಚಿಸುತ್ತಿದ್ದಳು.

ಮರುದಿನ ಗಂಡಹೆಂಡತಿ ಸಾಮಾನೆಲ್ಲ ಎರಡು ಚೀಲಕ್ಕೆ ತುಂಬಿ ಭಾರತಮ್ಮನ ಅಂಗಡಿಗೆ ಹೊತ್ತುಕೊಂಡು ಹೋದರು. ಭಾರತಮ್ಮ ತರಕಾರಿ ತೂಗುವ ತಕ್ಕಡಿಯ ಮೇಲೆ ಒಂದಾದ ಮೇಲೊಂದು ಚೀಲವಿಟ್ಟಳು. ಗಂಗುಲಪ್ಪನದು ಹದಿನಾಲ್ಕು ಕಿಲೋ, ಮುನಿಯಲ್ಲಮ್ಮನದು ಹನ್ನೊಂದು.

ಬಿಚ್ಚಿದರೆ ಗಂಗುಲಪ್ಪನ ಚೀಲದಲ್ಲಿ ನೆಲ ಅಗೆಯುವ ಕಬ್ಬಿಣದ ಗಡಾರಿಯೇ ನಾಲ್ಕು ಕಿಲೋ. ರಾಗಿ ಹಿಟ್ಟು ಐದು. ಮಿಕ್ಕಿದ್ದು ಕಂಬಳಿ, ಬಟ್ಟೆ, ಉಪ್ಪಿನಕಾಯಿ, ಎಲೆ ಅಡಿಕೆ. ಮುನಿಯಲ್ಲಮ್ಮನ ಚೀಲದಲ್ಲಿ ಬಲೆ, ಐದು ಸೀರೆ, ಮತ್ತೆ ಹೊಗೆ ಮಡಕೆ. ತಳದಲ್ಲಿ ತೂತಿರುವ ಆ ಮಡಕೆಯೊಳಗೆ ಹುಲ್ಲಿಗೆ ಬೆಂಕಿ ಹಾಕಿ, ಬಾಯನ್ನು ಬಿಲಕ್ಕೆ ಒತ್ತಿ, ತೂತಿನಿಂದ ಊದಿದರೆ ಹೊಗೆ ಒಳಗೆ ನುಗ್ಗಿ ಇಲಿ ಹೊರಗೆ ಬರುತ್ತದೆ. ಅವಳ ತಾಯಿಯ ಕಾಲದ್ದು.

ಗಂಗುಲಪ್ಪ ತಕ್ಕಡಿಯನ್ನೇ ನೋಡುತ್ತಾ ನಿಂತ. ಹೆಲಿಕಾಪ್ಟರಿನವರಿಗೆ ಬೇಕೆಂದು ಶೋಭಾರಾಣಿ ಮೈತೂಕವನ್ನೂ ಬರೆದುಕೊಂಡು ಹೋಗಿದ್ದಳು. ಅವನದು ಐವತ್ತೆರಡು.

"ನಾನು ಒಂದು ವಾರ ಅರ್ಧ ಹೊಟ್ಟೆ ಉಂಡು ಎರಡು ಕಿಲೋ ಇಳಿಸಿದ್ರೆ, ಆ ಎರಡು ಕಿಲೋ ಹಿಟ್ಟು ಹಾಕ್ಕೊಬೋದಾ? ಮೇಡಂನ ಕೇಳಿ ನೋಡು" ಎಂದ.

ಮುನಿಯಲ್ಲಮ್ಮ ನಿಜಕ್ಕೂ ಫೋನ್ ಮಾಡಿ ಕೇಳಿದಳು. ಶೋಭಾರಾಣಿ ನಗುತ್ತಲೇ, ಅದು ನ್ಯಾಯವಾದ ಪ್ರಶ್ನೆಯೇ, ಆದರೆ ಗಂಟಿನ ಲೆಕ್ಕ ಗಂಟಿಗೇ ಅಂತೆ ಎಂದಳು.

ಅಲ್ಲಿಂದ ನಾಲ್ಕೈದು ದಿನ ಅವರಿಗೆ ಅದೇ ಕೆಲಸವಾಯಿತು. ಮುನಿಯಲ್ಲಮ್ಮ ಒಂದೊಂದೇ ಸಾಮಾನು ಕೈಗೆತ್ತಿಕೊಂಡು, ಇದು ಯಾವ ದಿನ, ಯಾವ ಹೊತ್ತಿಗೆ ಬೇಕಾಗುತ್ತದೆ ಎಂದು ಗಂಡನನ್ನು ಕೇಳುವಳು. ಉತ್ತರ ತಡವಾದರೆ ಅದು ಗೂಡಿಗೆ ವಾಪಸು. ಕಂಬಳಿ ಹೋಯಿತು. ಮೂರು ಸೀರೆ ಹೋದವು. ಉಪ್ಪಿನಕಾಯಿಯ ಜಾಡಿ ಹೋಗಿ ಅದರ ಕಾಲುಭಾಗ ಒಂದು ಪ್ಲಾಸ್ಟಿಕ್ ಕವರಿಗೆ ಬಂತು. ಅಡಿಕೆ ಬೀಜವಾದ್ದರಿಂದ ಅದನ್ನು ಬಿಡಲೇಬೇಕಾಯಿತು. ಗಂಗುಲಪ್ಪ ಅವತ್ತು ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ಅಡಿಕೆ ಅಗಿಯುತ್ತಲೇ ಇದ್ದ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದು ಮೂರು ಕಿಲೋಗೆ ಇಳಿಸಿದರು.

ಗಡಾರಿಗೆ ದಾರಿ ತೋರಿಸಿದವನು ಮುಳಬಾಗಿಲಿನ ಕಮ್ಮಾರ ಮುನಿರಾಮಪ್ಪ. ಹಳೆಯ ಲಾರಿ ಪಟ್ಟೆಯ ತುಂಡೊಂದನ್ನು ಕಾಯಿಸಿ ಬಡಿದು, ಅಂಗೈಯಗಲದ ಅಲಗು ಮಾಡಿಕೊಟ್ಟ. ಕಾವು ಅಲ್ಲೇ ಕಡಿದು ಹಾಕಿಕೊಳ್ಳಿ, ಮರ ಎಲ್ಲ ಕಡೆಯೂ ಇರುತ್ತದಲ್ಲ ಎಂದ. ತೂಕ ಒಂಬೈನೂರು ಗ್ರಾಂ. ಹೊಗೆ ಮಡಕೆಯ ಬದಲಿಗೆ ಮುನಿಯಲ್ಲಮ್ಮ ಒಂದು ತಗಡಿನ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದಳು. ಹಿತ್ತಲಲ್ಲಿ ಊದಿ ನೋಡಿದರೆ ತುಟಿ ಸುಟ್ಟಿತು. ತೂತಿಗೆ ಒಂದು ಬಿದಿರಿನ ಕೊಳವೆ ಸಿಕ್ಕಿಸಿ ಮತ್ತೆ ಊದಿದಳು, ಹೊಗೆ ಚೆನ್ನಾಗಿಯೇ ಬಂತು.

ಹೊರಡುವ ದಿನ ಭಾರತಮ್ಮನ ತಕ್ಕಡಿಯಲ್ಲಿ ಅವನ ಗಂಟು ಐದು ಕಿಲೋ ಒಂಬೈನೂರು, ಅವಳದು ಐದು ಕಿಲೋ ಇನ್ನೂರು. ಆ ಎಂಟುನೂರು ಗ್ರಾಂ ಜಾಗಕ್ಕೆ ಏನು ಹಾಕುವುದೆಂದು ಗಂಗುಲಪ್ಪ ಕೇಳಿದ. ಅವಳು ಸ್ವಲ್ಪ ಯೋಚಿಸಿ ಏನೂ ಬೇಡವೆಂದಳು. ಅಷ್ಟು ಕಡಿಮೆ ಸಾಮಾನಿನಲ್ಲಿ ಮನೆಬಿಟ್ಟು ಹೊರಟದ್ದು ಅವಳಿಗೆ ಅದೇ ಮೊದಲು. ಭುಜ ಹಗುರಾಗಿ ಒಂದು ಥರ ಹಿತವೆನಿಸಿತು.

ಬೆಂಗಳೂರಿನಿಂದ ವಿಮಾನ, ಅಂಡಮಾನಿನಿಂದ ಹೆಲಿಕಾಪ್ಟರು. ಮೇಲಿನಿಂದ ನೋಡಿದಾಗ ದ್ವೀಪ ಒಂದು ಕೆರೆಯಂಗಳದಷ್ಟೇ ಕಂಡಿತು. ಸುತ್ತ ಬಿಳಿ ಮರಳು, ನಡುವೆ ತೆಂಗಿನ ತೋಪು. ಅಲ್ಲಿ ಶೋಭಾರಾಣಿಯ ಜೊತೆಗೆ ಶಿವಶಂಕರ್ ಎಂಬ ಸಹಾಯಕ ಸಂಶೋಧಕನೂ ಇದ್ದ.

ಇಳಿದ ತಕ್ಷಣ ಗಂಗುಲಪ್ಪನಿಗೆ ಖುಷಿಯೋ ಖುಷಿ. ಮರಳಿನ ತುಂಬ ಬಿಲಗಳು. ಒಂದು ಕಟ್ಟಿಗೆ ಕಡಿದು ಅಲಗಿಗೆ ಕಾವು ಹಾಕಿ ಆ ಸಂಜೆಯೇ ಅಗೆಯತೊಡಗಿದ. ಒಂದರಿಂದ ಏಡಿ ಬಂತು, ಎರಡನೆಯದರಿಂದಲೂ ಏಡಿ. ಮೂರನೆಯದು ಅವನ ಹೆಬ್ಬೆರಳನ್ನೇ ಹಿಡಿಯಿತು. ಮುನಿಯಲ್ಲಮ್ಮ ಬಿಲದ ಬಾಯಿಗಳನ್ನು ಬಗ್ಗಿ ನೋಡಿದಳು. ಅಂಚಿನಲ್ಲಿ ಒಂದು ಕೂದಲಿಲ್ಲ, ಹಿಕ್ಕೆಯಿಲ್ಲ, ಓಡಾಡಿದ ದಾರಿಯಿಲ್ಲ. ಎರಡು ದಿನ ದ್ವೀಪವನ್ನೆಲ್ಲ ಸುತ್ತಿದರೂ ಅವಳಿಗೆ ಒಂದೇ ಒಂದು ಇಲಿ ಬಿಲ ಕಾಣಲಿಲ್ಲ. ಒಡೆದ ಮೊಟ್ಟೆಗಳು ಮಾತ್ರ ಎಲ್ಲೆಲ್ಲೂ ಇದ್ದವು. ಇಷ್ಟು ದೂರ ಬಂದದ್ದು ದಂಡವಾಯಿತೇನೋ ಎಂಬ ನಾಚಿಕೆ ಅವಳನ್ನು ಕಾಡಿತು. ಶೋಭಾರಾಣಿಗೂ ಅದನ್ನೇ ಹೇಳಿದಳು. ಹೊಲದ ಇಲಿ ನನಗೆ ಗೊತ್ತು, ಇದು ಯಾವುದೋ ಬೇರೆ ಜೀವ ಎಂದಳು.

ಮೂರನೆಯ ದಿನ ಬೆಳಿಗ್ಗೆ ಅವಳು ತೋಪಿನಲ್ಲಿ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ಧೊಪ್ಪೆಂದು ಒಂದು ಎಳನೀರು ಬಿತ್ತು. ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ದುಂಡಗೆ ಕೊರೆದ ತೂತು. ಒಳಗೆ ಒಂದು ತೊಟ್ಟೂ ನೀರಿಲ್ಲ.

"ನೋಡಯ್ಯಾ" ಎಂದು ಗಂಡನನ್ನು ಕರೆದಳು. "ನೀರು ಮೇಲಿದೆ. ಮನೆನೂ ಮೇಲೇ ಮಾಡ್ಕೊಂಡವೆ. ನಾವು ನೆಲ ನೋಡ್ಕೊಂಡು ತಿರುಗ್ತಾ ಇದ್ವಿ."

ಆಮೇಲೆ ಕೆಲಸ ಓಡಿತು. ಖಾಲಿ ಎಣ್ಣೆ ಡಬ್ಬಗಳನ್ನು ಸೀಳಿ, ಆ ತಗಡನ್ನು ಒಂದೊಂದು ತೆಂಗಿನ ಮರಕ್ಕೂ ಎದೆಯೆತ್ತರದಲ್ಲಿ ಪಟ್ಟಿಯಂತೆ ಸುತ್ತಿ ಮೊಳೆ ಹೊಡೆಯುವುದೆಂದು ಅವಳು ಹೇಳಿದಳು. ನುಣ್ಣನೆಯ ತಗಡಿನ ಮೇಲೆ ಇಲಿಯ ಉಗುರು ನಿಲ್ಲದು. ಮೊಟ್ಟೆ ತಿನ್ನಲು ಕೆಳಗೆ ಜಿಗಿದದ್ದು ಮತ್ತೆ ಮೇಲೆ ಹತ್ತಲಾರದು. ಗರಿಗೆ ಗರಿ ತಾಗುವ ಕಡೆ ಶಿವಶಂಕರ್ ಮರ ಹತ್ತಿ ಗರಿ ಕಡಿದ. ನೂರಿಪ್ಪತ್ತು ಮರಕ್ಕೆ ನಾಲ್ಕು ದಿನ ಹಿಡಿಯಿತು. ಡಬ್ಬ ಸಾಲದೆ ಮುನಿಯಲ್ಲಮ್ಮ ತನ್ನ ಹೊಗೆ ಡಬ್ಬವನ್ನೂ ಸೀಳಿದಳು. ನೀರಿಲ್ಲದೆ ಕೆಳಗೇ ಉಳಿದ ಇಲಿಗಳಿಗೆ ಬೋನಿನೊಳಗೆ ಎಳನೀರಿನ ಹೋಳು ಇಟ್ಟರು. ಮೊದಲ ದಿನ ಒಂಬತ್ತು ಬಿದ್ದವು, ಮರುದಿನ ಹದಿನಾಲ್ಕು. ಹನ್ನೊಂದನೆಯ ದಿನಕ್ಕೆ ಅರವತ್ತೊಂದಾಗಿ, ಹನ್ನೆರಡನೆಯ ದಿನ ಒಂದೂ ಬೀಳಲಿಲ್ಲ.

ಮಾರನೆಯ ದಿನ ಹೆಲಿಕಾಪ್ಟರು ಬರುವುದಿತ್ತು. ಇಲಿ ಉಳಿದಿದ್ದರೆ ಕಚ್ಚಲಿ ಎಂದು ಶೋಭಾರಾಣಿ ದ್ವೀಪದ ತುಂಬ ಮೇಣದ ತುಂಡುಗಳನ್ನು ಇಟ್ಟಿದ್ದಳು. ಅವುಗಳಲ್ಲಿ ಮೂರರ ಮೇಲೆ ಹಲ್ಲಿನ ಗುರುತು ಹೊಸದಾಗಿ ಮೂಡಿತ್ತು. ಮೂರೂ ಒಂದೇ ಅಗಲದ ಹಲ್ಲು. ಮುನಿಯಲ್ಲಮ್ಮ ಅವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಒಂದಿದೆ" ಎಂದಳು. "ಹೆಣ್ಣಾಗಿ, ಬಸುರಾಗಿದ್ರೆ ನಾವು ಮಾಡಿದ್ದೆಲ್ಲ ನೀರಾಗೋಯ್ತದೆ. ನಾನು ಇರ್ತೀನಿ."

ಮುಂದಿನ ಹೆಲಿಕಾಪ್ಟರು ಎಂಟು ದಿನದ ಮೇಲೆ. ಗಂಗುಲಪ್ಪನ ಹೆಬ್ಬೆರಳು ಬಾವು ಬಂದು ಕೀವಾಗಿತ್ತು, ಅವನು ಹೋಗಿ ಡಾಕ್ಟರಿಗೆ ತೋರಿಸಲೇಬೇಕಿತ್ತು. ಮದುವೆಯಾದ ಈ ಮೂವತ್ತೈದು ವರ್ಷಗಳಲ್ಲಿ ಒಬ್ಬರನ್ನೊಬ್ಬರು ಬಿಟ್ಟು ಎರಡು ದಿನಕ್ಕಿಂತ ಹೆಚ್ಚು ಇದ್ದವರಲ್ಲ. ಅವನು ಮರಳಿನ ಮೇಲೆ ಕೂತು ಸಮುದ್ರದ ಕಡೆ ನೋಡುತ್ತಿದ್ದ.

"ಅಗೆಯೋಕೆ ನಾನಿಲ್ದೆ ಏನ್ ಮಾಡ್ತೀಯೇ?" ಎಂದು ಕೇಳಿದ.

"ಇಲ್ಲಿ ಅಗೆಯೋದು ಏನೂ ಇಲ್ಲ ಕಣಯ್ಯಾ. ನೋಡೋದೇ ಇರೋದು. ನೀನು ಕೈ ವಾಸಿ ಮಾಡ್ಕೋ."

ಅವನು ಹೋದ, ಶೋಭಾರಾಣಿ ಮುನಿಯಲ್ಲಮ್ಮನ ಜೊತೆ ಉಳಿದಳು. ಉಳಿದ ಇಲಿ ಬೋನಿಗೆ ಬೀಳಲಿಲ್ಲ, ಎಳನೀರಿಗೂ ಮರುಳಾಗಲಿಲ್ಲ. ಮುನಿಯಲ್ಲಮ್ಮ ಮೇಣದ ತುಂಡುಗಳನ್ನೇ ದಿನವೂ ಬೇರೆ ಬೇರೆ ಕಡೆ ಇಟ್ಟು, ಯಾವುದು ಕಚ್ಚಿಸಿಕೊಂಡಿತು ಎಂದು ಗುರುತು ಹಾಕುತ್ತಾ ಬಂದಳು. ನಾಲ್ಕು ದಿನದ ಗುರುತುಗಳೆಲ್ಲ ಸುತ್ತಿ ಸುತ್ತಿ ತಮ್ಮ ಡೇರೆಯ ಕಡೆಗೇ ಬಂದು ನಿಂತವು. ಐದನೆಯ ದಿನ ಬೆಳಿಗ್ಗೆ ಅವಳು ಡೇರೆಯ ಹಿಂದೆ ಟಾರ್ಪಾಲು ಹೊದಿಸಿಟ್ಟ ಸಾಮಾನುಗಳ ಮೇಲೆ ಬಲೆ ಹರಡಿ, ಶೋಭಾರಾಣಿಗೆ ಒಂದು ಅಂಚು ಹಿಡಿದುಕೊಳ್ಳಲು ಹೇಳಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದಳು. ಹಗ್ಗದ ಪೆಟ್ಟಿಗೆಯೊಳಗೆ ನೀಲಿ ನಾರನ್ನು ಸೀಳಿ ಸೀಳಿ ಮಾಡಿದ ಮೆತ್ತನೆಯ ಗೂಡು. ಪಕ್ಕದಲ್ಲೇ ತೊಟ್ಟಿಕ್ಕುವ ನೀರಿನ ಕ್ಯಾನು. ಇಲಿ ನೇರ ಬಲೆಗೆ ನುಗ್ಗಿತು.

ದೊಡ್ಡ ಹೆಣ್ಣಿಲಿ, ಹೊಟ್ಟೆ ತುಂಬಿತ್ತು. ಮುನಿಯಲ್ಲಮ್ಮ ತನ್ನ ಜೀವಮಾನದಲ್ಲಿ ಎಷ್ಟು ಸಾವಿರ ಇಲಿ ಹಿಡಿದಿದ್ದಳೋ ಅವಳಿಗೇ ತಿಳಿಯದು, ಯಾವುದರ ಮುಖವನ್ನೂ ನಿಂತು ನೋಡಿದವಳಲ್ಲ. ಇದನ್ನು ನೋಡಿದಳು. ಎಲ್ಲರೂ ಮರ, ಮರಳು ಎಂದು ತಡಕಾಡುವಾಗ ಇದು ಹುಡುಕುವವರ ಮಗ್ಗುಲಿಗೇ ಬಂದು ಮನೆ ಮಾಡಿತ್ತು. ಬುದ್ಧಿವಂತೆ ಎಂದುಕೊಂಡಳು. ನೋವಾಗದಂತೆ ಒಂದೇ ಏಟಿಗೆ ಮುಗಿಸಿದಳು. ಅವತ್ತು ಊಟ ಅವಳಿಗೆ ಅಷ್ಟಾಗಿ ಸೇರಲಿಲ್ಲ. ಮುಂದಿನ ಮೂರು ದಿನ ಯಾವ ಮೇಣದ ಮೇಲೂ ಗುರುತು ಬೀಳಲಿಲ್ಲ.

ಶ್ರಾವಣ ಕಳೆದ ಮೇಲೆ ಶೋಭಾರಾಣಿ ತಾಯಲೂರಿಗೆ ಫೋನ್ ಮಾಡಿದಳು. ಮೇಣ ಈಗಲೂ ನುಣ್ಣಗೇ ಇದೆ, ಮುನ್ನೂರಕ್ಕೂ ಹೆಚ್ಚು ಮರಿಗಳು ರೆಕ್ಕೆ ಬಲಿತು ಹಾರಿಹೋದವು ಎಂದು ತಿಳಿಸಿದಳು. ಮುನಿಯಲ್ಲಮ್ಮ ಬದುವಿನ ಮೇಲೆ ಕೂತು ಕೇಳಿಸಿಕೊಂಡಳು. ಕೈ ವಾಸಿಯಾದ ಗಂಗುಲಪ್ಪ ಪಕ್ಕದಲ್ಲಿ ಬಿಲ ಅಗೆಯುತ್ತಿದ್ದವನು ನಿಲ್ಲಿಸಿ ಕಿವಿಗೊಟ್ಟ.

"ಹಾರಿ ಎಲ್ಲಿಗೆ ಹೋದ್ವು ಮೇಡಂ?" ಎಂದು ಅವಳು ಕೇಳಿದಳು.

ಸಮುದ್ರದ ಮೇಲೆಯೇ ಎಲ್ಲೋ ಇರುತ್ತವೆ, ಎಲ್ಲಿ ಎಂಬುದು ತಮಗೂ ಸರಿಯಾಗಿ ತಿಳಿಯದು ಎಂದಳು ಶೋಭಾರಾಣಿ. ಕೂತುಕೊಳ್ಳಲು ನೆಲವೇ ಇಲ್ಲದ ಕಡೆ ಅವು ಹೇಗೆ ನಿದ್ದೆ ಮಾಡುತ್ತವೆ ಎಂದು ಮುನಿಯಲ್ಲಮ್ಮ ಮತ್ತೆ ಕೇಳಿದಳು, ಆ ಮಾತು ಇನ್ನೂ ಅರ್ಧ ಗಂಟೆ ನಡೆಯಿತು.