ಅಕ್ಕಿ ಹಸನು ಮಾಡುವಾಗ

ಮೊರದಲ್ಲಿ ಅರ್ಧ ಅಕ್ಕಿ ಹಸನಾಗಿತ್ತು. ರಾಜಮತಿ ಇನ್ನೊಂದು ಹಿಡಿ ಎಳೆದುಕೊಂಡು ಬಾಗಿದಳು. ಬಾಗಿದ ಕೂಡಲೇ ಅಕ್ಕಿಯೂ ಮೊರವೂ ತನ್ನ ಕೈಯೂ ಬೂದಿಬಣ್ಣಕ್ಕೆ ತಿರುಗಿ ಆರಿಹೋದವು. ಗೋಡೆಗೆ ತಲೆ ಆನಿಸಿ ಎಣಿಸಿದಳು. ಆರು, ಏಳು, ಎಂಟು. ಹೋದ ತಿಂಗಳು ಮೂರಕ್ಕೇ ಬೆಳಕು ಮರಳುತ್ತಿತ್ತು. ಕಿವಿಯಲ್ಲಿ ನಾಡಿಯ ಜೊತೆಗೇ ಸುಂಯ್ ಸುಂಯ್ ಸದ್ದು.

ಜೈನರ ಹತ್ತು ದಿನಗಳ ದಶಲಕ್ಷಣ ಪರ್ವದ ಐದನೇ ದಿನ. ಅತ್ತೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ, ನೀರು ಕುಡಿಯುವುದೂ ಆಗಲೇ. ಅನ್ನದಲ್ಲಿ ಸತ್ತ ಜೀವ ಕಂಡರೆ ಎದ್ದುಬಿಡಬೇಕು, ಮತ್ತೆ ಹನಿ ನೀರೂ ಮರುದಿನಕ್ಕೇ. ಅದಕ್ಕೆ ಅಂತರಾಯ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ರಾಜಮತಿಯ ಅಡಿಗೆಯಲ್ಲಿ ಒಮ್ಮೆಯೂ ಅಂತರಾಯ ಆಗಿರಲಿಲ್ಲ. ನಿನ್ನೆ ಎರಡನೇ ತುತ್ತಿಗೇ ನುಸಿ ಸಿಕ್ಕಿತು. ಎಪ್ಪತ್ತೆಂಟರ ಅತ್ತೆ ಬೈಯಲಿಲ್ಲ. ಕೈ ತೊಳೆದುಕೊಂಡು, ಒಣಗಿದ ತುಟಿಯಲ್ಲೇ ಬಸದಿಗೆ ಹೋದರು.

ರಾಜಮತಿಗೆ ಬೆಳಗಾವಿಯಲ್ಲಿ ಸ್ಕ್ಯಾನ್ ಆಗಿತ್ತು, ಬೆನ್ನಿನಿಂದ ನೀರು ತೆಗೆದೂ ನೋಡಿದ್ದರು. ಆ ಕಾಗದಗಳನ್ನೆಲ್ಲ ಓದಿ ಗೋಕಾಕದ ಕಣ್ಣಿನ ಡಾಕ್ಟರಮ್ಮ ಹೇಳಿದ್ದರು: “ಮಿದುಳಿನ ಸುತ್ತ ಮೂರು ಪೊರಿ ಅದಾವ್ರಿ. ಅದರೊಳಗಿನ ನೀರಿನ ಒತ್ತಡ ನಿಮಗ ಭಾಳ ಏರೇತಿ. ಕಣ್ಣಿನ ನರಕ್ಕೂ ಅದ ಪೊರಿ ಸುತ್ತಿಕೊಂಡಿರ್ತೈತಿ. ಅದಕ್ಕ ನರ ಬಾತೈತಿ.”

“ಯಾಕ ಏರೇತ್ರಿ?”

“ಗೊತ್ತಿಲ್ರಿ. ಗಡ್ಡಿ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಕಾರಣ ಸಿಗಲಿಲ್ಲ ಅಂದ್ರೂ ಕಣ್ಣು ಹೋಗ್ತಾವು, ಹೋದ ದೃಷ್ಟಿ ತಿರುಗಿ ಬರಾಂಗಿಲ್ಲ. ಈ ಗುಳಿಗಿ ಒಂದ ದಿನಾನೂ ಬಿಡಬ್ಯಾಡ್ರಿ. ಬೆರಳು ಜುಮ್ಮ ಅಂತಾವು, ತಡಕೋರಿ.”

ಮೂಡಲಗಿಗೆ ಮರಳುವ ಬಸ್ಸಿನಲ್ಲಿ ಗಂಡ ನೇಮಣ್ಣ ನಕ್ಕಿದ್ದ. “ಡಾಕ್ಟರಿಗೇ ಗೊತ್ತಿಲ್ಲ ಅಂದ್ರ ಅದೇನ್ ರೋಗ? ನಿನ್ನ ತಲಿ ತುಂಬೇತಿ ಅಂತಾರ. ಏನರ ತುಂಬೇತಲ್ಲ, ಚಲೋ ಆತು.” ಅವಳೂ ನಕ್ಕಿದ್ದಳು.

ಕಣ್ಣು ಮಂದವಾದಂತೆ ಅವಳು ಬೆರಳಿನಿಂದ ಅಕ್ಕಿ ಹಸನು ಮಾಡುವುದನ್ನು ಕಲಿತಿದ್ದಳು. ನುಸಿ ಅಕ್ಕಿಗಿಂತ ಹಗುರ, ಮುಟ್ಟಿದರೆ ಉರುಳುತ್ತದೆ. ಆದರೆ ಗುಳಿಗೆಯ ಪ್ರಮಾಣ ಹೆಚ್ಚಿಸಿದಾಗಿನಿಂದ ಬೆರಳ ತುದಿಗೆ ಬಟ್ಟೆ ಸುತ್ತಿದ ಹಾಗೆ. ಕಣ್ಣು ಉಳಿಸುವ ಔಷಧವೇ ಬೆರಳನ್ನು ಕಿತ್ತುಕೊಂಡಿತ್ತು.

“ಆತೇನ ರಾಜಮತಿ?” ಅತ್ತೆ ಬಂದು ಹೊಸ್ತಿಲ ಬಳಿ ಮೆಲ್ಲಗೆ ಕುಳಿತರು.

“ಆಗಾಕ ಬಂತ್ರಿ ಅತ್ತಿ.”

“ಮೇಘಾ ಫೋನ್ ಮಾಡಿದ್ಲು. ಉಳಿದ ದಿನ ಹುಕ್ಕೇರಿಗೆ ಬಾ, ನಾನ ಮಾಡಿ ಹಾಕ್ತೀನಿ ಅಂತಾಳ.” ಮೇಘಾ ಅವರ ಮಗಳು.

“ನನ್ನ ಕೈ ಊಟ ಬ್ಯಾಡಾತೇನ್ರಿ?”

“ಹಂಗಲ್ಲವಾ. ನಿನ್ನಿ ಆದದ್ದು ನನ್ನ ಕರ್ಮ. ಇನ್ನೊಮ್ಮಿ ಆದ್ರ ಈ ದೇಹ ತಡೀಬೇಕಲ್ಲ?”

ಕಣ್ಣು ಕಾಣುತ್ತಿಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಹೇಳಿದರೆ ಯಾರೂ ಕ್ರೂರಿಗಳಾಗುವುದಿಲ್ಲ. ಪಡಸಾಲೆಯಲ್ಲಿ ಕೂಡಿಸುತ್ತಾರೆ, ಕೂತಲ್ಲಿಗೇ ತಾಟು ತಂದಿಡುತ್ತಾರೆ, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುತ್ತಾರೆ. ಈ ಮೊರ ಬೇರೆಯವರ ತೊಡೆಯ ಮೇಲಿರುತ್ತದೆ. ನೋಡಿ ಅಡಿಗೆ ಮಾಡುವವಳು ಎಂಬುದರ ಹೊರತು ಈ ಮನೆಯಲ್ಲಿ ತಾನು ಇನ್ನೇನು ಎಂದು ಅವಳಿಗೆ ಹೊಳೆಯಲಿಲ್ಲ.

“ಇನ್ನ ಐದ ದಿನ, ಇಲ್ಲೇ ಇರ್ರಿ. ಎರಡೆರಡು ಸಲ ಹಸನ ಮಾಡ್ತೀನಿ.”

“ನೀ ಅಂದಮ್ಯಾಲೆ ಆತು,” ಎಂದು ಅತ್ತೆ ಗೋಡೆ ಹಿಡಿದು ಎದ್ದರು. ಆ ನಂಬಿಕೆ ಬೈಗುಳಕ್ಕಿಂತ ಭಾರವಾಗಿತ್ತು.

ರಾಜಮತಿ ಮೊರವನ್ನು ಹಿತ್ತಲ ಬಾಗಿಲ ಬೆಳಕಿಗೆ ಒಯ್ದಳು. ಬಾಗದೆ, ಚಿಟಿಕೆ ಚಿಟಿಕೆ ಅಕ್ಕಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡತೊಡಗಿದಳು. ಇವತ್ತಿನದು ಹೀಗೆ ಆದೀತು. ಆಷಾಢದಲ್ಲಿ ಅಂಗಡಿಯಲ್ಲಿ ಗುಳಿಗೆ ಸಿಗದೆ ಎರಡು ದಿನ ತಪ್ಪಿದಾಗ ಬೆರಳಿಗೆ ಸ್ಪರ್ಶ ಮರಳಿದ್ದು ನೆನಪಾಯಿತು. ಪರ್ವ ಮುಗಿಯುವವರೆಗೆ ನುಂಗಬಾರದು ಎಂದುಕೊಂಡಳು. ಅಷ್ಟರಲ್ಲಿ ಕಣ್ಣು ಎಷ್ಟು ಹೋದೀತು ಎಂದು ಗೋಕಾಕಕ್ಕೆ ಫೋನು ಮಾಡಿ ಕೇಳಬಹುದಿತ್ತು. ಕೇಳುವುದೂ ಬೇಡವೆನಿಸಿತು.

“ಗುಳಿಗಿ ತಗೊಂಡೇನ?” ಅಂಗಳದಿಂದ ನೇಮಣ್ಣ ಕೂಗಿದ.

“ಹೂಂ ರಿ,” ಎಂದಳು.